ಪರಮಪ್ರಸಾದವೂ ಪಂಕ್ತಿಭೇದವೂ ಒಂದೇ ಅಲ್ಲ

‘ಚರ್ಚಿನಲ್ಲಿ ಮಾತ್ರ ಎಲ್ಲರಿಗೂ ಪ್ರಸಾದ ಕೊಡುತ್ತಾರೇನು? ಅಲ್ಲೂ ಪಂಕ್ತಿಭೇದ ಇದೆಯಲ್ಲ!’

ಪಂಕ್ತಿಭೇದದ ವಿರುದ್ಧ ಯಾರಾದರೂ ದನಿ ಎತ್ತಿದಾಗಲೆಲ್ಲ ಈ ಪ್ರಶ್ನೆಯನ್ನು ಎಸೆಯುವವರಿದ್ದಾರೆ. 2014ರಲ್ಲಿ ಉಡುಪಿಯ ಪಂಕ್ತಿಭೇದದ ವಿರುದ್ಧ ಎಡಪಕ್ಷದವರು ಬೀದಿಗಿಳಿದರು. ಕುಕ್ಕೆಯ ಮಡೆಸ್ನಾನಕ್ಕೆ ಅದೇ ವರ್ಷ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬೇಕಾಯಿತು, 2017ರಲ್ಲಿ ವಿಧಾನಮಂಡಲದ ಕಾಯ್ದೆಯೂ ಬೇಕಾಯಿತು. ಇಂಥ ಚರ್ಚೆಯ ನಡುವೆ ಚರ್ಚಿನ ಮಾತು ತೆಗೆಯುವವರಿಗೆ ಉತ್ತರ ಬೇಕಾಗಿರುವುದಿಲ್ಲ, ವಿಷಯಾಂತರ ಬೇಕಾಗಿರುತ್ತದೆ. ಆದರೂ ಉತ್ತರ ಕೊಡಲೇಬೇಕು. ಏಕೆಂದರೆ ಈ ಹೋಲಿಕೆಯನ್ನು ನಂಬುವ ಅಮಾಯಕರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ.

ತೆಕ್ಕಲಕೋಟೆ, ಸಿರುಗುಪ್ಪದ ಕಡೆಯವರಾದ ನಮಗೆ ಈ ಗೊಂದಲ ಅರ್ಥವಾಗದ್ದೇನಲ್ಲ. ಮೊಹರಂ ಬಂತೆಂದರೆ ಇಲ್ಲಿ ಪೀರಲ ದೇವರಿಗೆ ಸಕ್ಕರೆ ಓದಿಸುವವರಲ್ಲಿ ಹಿಂದೂಗಳೇ ಹೆಚ್ಚು. ಉರುಸಿನ ಊಟಕ್ಕೆ ಯಾರೂ ಜಾತಿ ಕೇಳುವುದಿಲ್ಲ. ಪವಿತ್ರವಾದದ್ದನ್ನು ಹಂಚಿ ತಿನ್ನುವುದು ಈ ನೆಲದ ಸಂಸ್ಕೃತಿ. ಇಲ್ಲಿಂದ ಬಳ್ಳಾರಿಗೆ ಹೋಗಿ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆ ನೋಡುವವನು, ಎಲ್ಲರೂ ಸಾಲಾಗಿ ಎದ್ದು ಹೋಗುವಾಗ ತಾನೂ ಎದ್ದು ನಿಲ್ಲುವುದು ಸಹಜ. ‘ಇದು ನಿಮಗಲ್ಲ’ ಎಂದಾಗ ಮುಖ ಸಣ್ಣದಾಗುವುದೂ ಸಹಜ.

ಆದರೆ ಆ ನಿಯಮವಾದರೂ ಏನು? 1983ರ ಕಥೋಲಿಕ ಧರ್ಮಸಂಹಿತೆಯ ಪ್ರಕಾರ, ದೀಕ್ಷಾಸ್ನಾನ ಪಡೆದು, ಕಾನೂನಿನ ತಡೆ ಇಲ್ಲದ ಯಾರಿಗೂ ಪರಮಪ್ರಸಾದ ನಿರಾಕರಿಸುವಂತಿಲ್ಲ. ಘೋರ ಪಾಪದ ಅರಿವುಳ್ಳವನು ಸಾಮಾನ್ಯವಾಗಿ ಮೊದಲು ಪಾಪನಿವೇದನೆ ಮಾಡಬೇಕು. ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಬೇರೇನನ್ನೂ ಸೇವಿಸಬಾರದು. ವೃದ್ಧರಿಗೆ, ರೋಗಿಗಳಿಗೆ ಇದರಿಂದ ವಿನಾಯಿತಿ ಇದೆ. ಹಿಂದೆ ಮಧ್ಯರಾತ್ರಿಯಿಂದಲೇ ಉಪವಾಸವಿರಬೇಕಿತ್ತು. 1957ರಲ್ಲಿ ಅದು ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಏಳರ ಆಸುಪಾಸಿನ ಮಕ್ಕಳಿಗೂ ಪ್ರಸಾದ ಕೊಡಬೇಕೆಂದು 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಆದೇಶವಾಯಿತು.

ಈ ನಿಯಮಗಳಲ್ಲಿ ಹುಟ್ಟಿನ ಪ್ರಶ್ನೆ ಎಲ್ಲಿದೆ? ಕಥೋಲಿಕರ ಪಾಲಿಗೆ ಆ ಓಸ್ತಿ ಬರಿಯ ರೊಟ್ಟಿಯ ಚೂರಲ್ಲ, ಸಾಕ್ಷಾತ್ ಕ್ರಿಸ್ತರ ಶರೀರ. ಅದನ್ನು ನಂಬದವನು ಸ್ವೀಕರಿಸುವುದೆಂದರೆ ನಂಬದ ಮಾತಿಗೆ ಸಹಿ ಹಾಕಿದಂತೆ. ಹಜರತ್ ಈಸಾರನ್ನು ಪ್ರವಾದಿಯೆಂದು ಗೌರವಿಸುವ ನಾವು ಅದನ್ನು ನಂಬುವುದಿಲ್ಲ, ಆದ್ದರಿಂದ ಕೇಳುವುದೂ ಇಲ್ಲ. ವುಜೂ ಇಲ್ಲದೆ ನಮಾಜಿಗೆ ನಿಲ್ಲಬಾರದೆಂಬುದು ಅಸ್ಪೃಶ್ಯತೆಯೇ? ಅಲ್ಲವೆಂದಾದರೆ ಇದೂ ಅಲ್ಲ. ನಂಬಿಕೆಯ ಬಾಗಿಲನ್ನು ಒಪ್ಪಿದವನು ದಾಟಬಹುದು. ಪಂಕ್ತಿಭೇದದ ಗೋಡೆಯನ್ನು ಏಳು ಜನ್ಮ ಭಕ್ತನಾಗಿದ್ದರೂ ದಾಟಲಾಗದು. ಒಂದೇ ದೇವರನ್ನು ನಂಬಿ, ಒಂದೇ ಹರಕೆ ಹೊತ್ತು ಬಂದವನನ್ನು ಅವನ ತಾಯಿತಂದೆಯರ ಜಾತಿ ನೋಡಿ ಎಬ್ಬಿಸುವುದಕ್ಕೂ ಇದಕ್ಕೂ ಏನು ಹೋಲಿಕೆ?

ಹಾಗೆಂದು ನಾವು ಚರ್ಚಿನ ವಕೀಲಿಕೆಗೆ ನಿಂತಿಲ್ಲ. ಪರಮಪ್ರಸಾದವನ್ನು ಅಯೋಗ್ಯವಾಗಿ ಸೇವಿಸಬಾರದೆಂಬ ಎಚ್ಚರಿಕೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಅವರ ಸಿಟ್ಟಿಗೆ ಕಾರಣವೇನು? ಅಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಬಡವನನ್ನು ಅವಮಾನಿಸಿ ತಿಂದದ್ದೇ ಆ ಅಯೋಗ್ಯತೆ. ಆ ಅಳತೆಗೋಲಿನಿಂದ ಅಳೆದರೆ ಭಾರತದ ಚರ್ಚು ಪಾಸಾಗುತ್ತದೆಯೇ? ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕಥೋಲಿಕರು ಬೇಸತ್ತು ತಮಗೆ ಪ್ರತ್ಯೇಕ ಧರ್ಮಕೇಂದ್ರ ಕೇಳಿದರು. ಅದು 2008ರ ಮಾರ್ಚಿನಲ್ಲಿ ಗಲಭೆಯಾಗಿ, ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಚರ್ಚಿನೊಳಗೆ ಅಸ್ಪೃಶ್ಯತೆ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಒಂದೇ ಶರೀರದಲ್ಲಿ ಪಾಲು ಪಡೆದವರು ಸಮಾಧಿಯಲ್ಲಿ ಬೇರೆ ಬೇರೆ ಮಲಗುವಂತಾದರೆ ಆ ಒಪ್ಪಿಗೆಯಿಂದೇನು ಫಲ? ಪ್ರಶ್ನೆ ಕೇಳುವುದಾದರೆ ಇಲ್ಲಿ ಕೇಳಬೇಕು.

ನಮ್ಮವರೂ ಇದನ್ನು ಓದಿ ಮೀಸೆ ತಿರುವಬೇಕಾಗಿಲ್ಲ. ಶಿಷ್ಯರ ಕೋರಿಕೆಯ ಮೇರೆಗೆ ಈಸಾರು ಆಕಾಶದಿಂದ ಇಳಿದು ಬರಲೆಂದು ಬೇಡಿದ ಆ ಊಟದ ಹರಿವಾಣದ ಹೆಸರೇ ಕುರ್‌ಆನಿನ ಐದನೇ ಅಧ್ಯಾಯಕ್ಕಿದೆ: ಅಲ್ ಮಾಇದ. ಅದನ್ನು ಓದುವ ನಾವು ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತೇವೆ, ಒಂದೇ ದಸ್ತರಖಾನಿನಲ್ಲಿ ಉಣ್ಣುತ್ತೇವೆ. ಆದರೆ ಪಿಂಜಾರರ ಮನೆಯಿಂದ ಹೆಣ್ಣು ತರುವ ಮಾತು ಬಂದಾಗ ಸಯ್ಯದರೆನ್ನಿಸಿಕೊಂಡ ಎಷ್ಟು ಮನೆಗಳಲ್ಲಿ ಮೌನ ಆವರಿಸುತ್ತದೆ? ಮಸೀದಿಯ ಸಮಾನತೆ ಮದುವೆಯ ಚಪ್ಪರದ ಹೊರಗೇ ಉಳಿಯುವುದೇಕೆ? ಇಸ್ಲಾಮಿನಲ್ಲಿ ಜಾತಿಯಿಲ್ಲ, ನಿಜ. ಮುಸ್ಲಿಮರಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರು?

ಇದರಲ್ಲಿ ಸರಕಾರದ ಪಾಲೂ ಇದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಣೆಯಾಯಿತು. ಕ್ರೈಸ್ತ ಹಾಗೂ ಮುಸ್ಲಿಮ್ ದಲಿತರು ಹೊರಗೇ ಉಳಿದರು. ‘ಅವರಲ್ಲೂ ಪಂಕ್ತಿಭೇದ ಇದೆ’ ಎಂದು ಸಂಭ್ರಮಿಸುವವರೇ, ಈ ದಲಿತರಿಗೆ ಸೌಲಭ್ಯ ಕೊಡಿ ಎಂದಾಗ ‘ಅವರಲ್ಲಿ ಜಾತಿಯೇ ಇಲ್ಲವಲ್ಲ’ ಎನ್ನುತ್ತಾರೆ. ಎರಡರಲ್ಲಿ ಯಾವುದು ಸತ್ಯ?

2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್‌ನ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನು ಮುರಿದರು, ಪರಮಪ್ರಸಾದದ ಪೆಟ್ಟಿಗೆಯನ್ನು ಒಡೆದರು. ಬಾಗಿಲು ಗಾಜು ಒಡೆದದ್ದಕ್ಕಿಂತ ಆ ಓಸ್ತಿಯ ಅಪಮಾನ ಕಥೋಲಿಕರನ್ನು ಹೆಚ್ಚು ನೋಯಿಸಿತು. ನಾವು ನಂಬದ ವಸ್ತುವೊಂದು ಇನ್ನೊಬ್ಬನ ಪ್ರಾಣವಾಗಿರಬಹುದು ಎಂಬಷ್ಟು ತಿಳುವಳಿಕೆ ಇಲ್ಲದಿದ್ದರೆ ಸೌಹಾರ್ದದ ಭಾಷಣಗಳೆಲ್ಲ ವ್ಯರ್ಥ. ಇನ್ನೊಬ್ಬರ ಪೂಜಾಪೀಠದ ಮುಂದೆ ಸಾಲಿನಲ್ಲಿ ನಿಲ್ಲದೆ, ಗೌರವದಿಂದ ಕುಳಿತಲ್ಲೇ ಕೂತಿರುವುದೂ ಒಂದು ಸಹಬಾಳ್ವೆಯೇ. ಆದರೆ ಹೊರಗಿನ ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಹುಟ್ಟಿನ ಲೆಕ್ಕ ಹಾಕಿ ಎಬ್ಬಿಸಿದರೆ ಕುಳಿತಿರಬಾರದು. ಅಲ್ಲಿ ಎದ್ದು ನಿಂತು ಪ್ರಶ್ನಿಸಬೇಕು. ಯಾವ ಧರ್ಮದವನೇ ಆಗಲಿ, ಈ ವ್ಯತ್ಯಾಸ ಅರಿಯದವನಿಗೆ ಚರ್ಚಿನ ಪ್ರಸಾದದ ಕುರಿತು ಪ್ರಶ್ನಿಸುವ ನೈತಿಕ ಹಕ್ಕಿಲ್ಲ.