ಅಡಿಕೆ ತೋಟದ ಸಿಗ್ನಲ್ಲು, ಮೂವತ್ತೊಂದು ಪರ್ಸೆಂಟು

ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಮೂರು ಜೆರಾಕ್ಸ್ ಅಂಗಡಿ, ಎರಡು ಬೇಕರಿ, ಒಂದು ಪ್ರಾಜೆಕ್ಟ್ ಸೆಂಟರ್ ಇವೆ. ಪ್ರಾಜೆಕ್ಟ್ ಸೆಂಟರಿನ ಬೋರ್ಡಿನ ಮೇಲೆ ಎಂ.ಟೆಕ್ ಪ್ರಾಜೆಕ್ಟ್, ಥೀಸಿಸ್, ಪೇಪರ್ ಪಬ್ಲಿಕೇಷನ್ ಎಲ್ಲವೂ ಇಲ್ಲೇ ಸಿಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ನಾಲ್ಕನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬೇಕರಿಗಿಂತ ಅಲ್ಲೇ ಹೆಚ್ಚು ಜನ. ಮೊದಲೆಲ್ಲಾ ಆ ಬೋರ್ಡ್ ನೋಡಿದ್ರೆ ನನಗೆ ಮೈ ಉರಿಯುತ್ತಿತ್ತು. ಈಗ ಅಂಗಡಿಯವನ ಮೇಲೆ ಸಿಟ್ಟಿಲ್ಲ. ನಮ್ಮ ನಿಯಮಾವಳಿಯನ್ನು ಆತ ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾನೆ, ಅಷ್ಟೇ.

ಟೆಲಿಕಮ್ಯುನಿಕೇಷನ್ ವಿಷಯದಲ್ಲಿ ಎಂ.ಟೆಕ್ ಮುಗಿಸಬೇಕಾದ್ರೆ ನಮ್ಮಲ್ಲಿ ಏನೇನು ಬೇಕು ನೋಡಿ. ನಾಲ್ಕು ಸೆಮಿಸ್ಟರು, ಥಿಯರಿ ಪೇಪರುಗಳು, ಸೆಮಿನಾರು, ಇಂಟರ್ನ್‌ಶಿಪ್ಪು. ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಶುರುವಾಗೋದು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ. ಥೀಸಿಸ್ ಒಪ್ಪಿಸುವ ಮೊದಲೇ ಯಾವುದಾದರೂ ಜರ್ನಲ್ಲಿನಲ್ಲೋ ಕಾನ್ಫರೆನ್ಸಿನಲ್ಲೋ ಒಂದು ಪೇಪರ್ ಅಚ್ಚಾಗಿರಬೇಕು, ಅದರ ಸರ್ಟಿಫಿಕೇಟನ್ನು ಥೀಸಿಸ್ಸಿನ ಕೊನೆಗೆ ಲಗತ್ತಿಸಬೇಕು. ಸಾಫ್ಟ್‌ವೇರ್ ತೋರಿಸುವ ಹೋಲಿಕೆಯ ಪ್ರಮಾಣ ಇಷ್ಟರೊಳಗೇ ಇರಬೇಕು. ಪುಟ ಇಷ್ಟಕ್ಕಿಂತ ಕಡಿಮೆ ಇರಬಾರದು. ರಟ್ಟಿನ ಬೈಂಡು, ಮೇಲೆ ಬಂಗಾರದ ಬಣ್ಣದ ಅಕ್ಷರ. ಇಷ್ಟಿದ್ದರೆ ಆಯ್ತು. ಹುಡುಗ ಒಂದೇ ಒಂದು ಆಂಟೆನಾ ಮುಟ್ಟಿದ್ದಾನೋ ಇಲ್ವೋ ಅಂತ ಕೇಳುವ ಕಾಲಮ್ಮು ಆ ಫಾರಮ್ಮಿನಲ್ಲಿ ಎಲ್ಲೂ ಇಲ್ಲ.

ಇದನ್ನೆಲ್ಲ ಈಗ ಬರೀತಿರೋದಕ್ಕೆ ಕಾರಣ ನನ್ನ ಒಬ್ಬ ವಿದ್ಯಾರ್ಥಿನಿ. ಸಾಗರದ ಕಡೆಯವಳು, ಪಿಜಿಸಿಇಟಿ ಬರೆದು ಬಂದವಳು. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದ್ದು, ಕೊಡೆ ಹಿಡಿದು ಆನ್‌ಲೈನ್ ಕ್ಲಾಸು ಕೇಳಿದ ಫೋಟೋಗಳು ನೆನಪಿರಬಹುದು. ಆಮೇಲೆ ಆ ಕಡೆಯ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅನ್ನುವ ಅಭಿಯಾನವೇ ನಡೆಯಿತು. ಈ ಹುಡುಗಿ ಹಾಗೆ ಗುಡ್ಡ ಹತ್ತಿದವರಲ್ಲೊಬ್ಬಳು. ಪ್ರಾಜೆಕ್ಟ್ ಏನು ಮಾಡ್ತೀಯಮ್ಮಾ ಅಂದ್ರೆ, "ಸರ್, ನಮ್ಮ ತೋಟದೊಳಗೆ ಯಾಕೆ ಸಿಗ್ನಲ್ ಸಾಯ್ತದೆ ಅಂತ ನೋಡ್ತೀನಿ" ಅಂದಳು.

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆಯಲ್ಲ ಅಂತ ನೀವು ಅನ್ನಬಹುದು. ಇದೆ. ಒಕುಮುರಾ-ಹಾಟಾ ಮಾದರಿ ಅಂತ ಟೆಲಿಕಾಂ ಓದಿದವರೆಲ್ಲ ಪರೀಕ್ಷೆಗೆ ಉರು ಹೊಡೆದಿರುತ್ತಾರೆ. ಒಕುಮುರಾ ಮತ್ತು ಸಂಗಡಿಗರು ಟೋಕಿಯೊ ಸುತ್ತಮುತ್ತ ಅಳತೆ ಮಾಡಿ 1968ರಲ್ಲಿ ಪ್ರಕಟಿಸಿದ ಗ್ರಾಫುಗಳನ್ನು ಹಾಟಾ 1980ರಲ್ಲಿ ಸೂತ್ರವಾಗಿ ಬರೆದ. 150ರಿಂದ 1500 ಮೆಗಾಹರ್ಟ್ಸ್, 1ರಿಂದ 20 ಕಿಲೋಮೀಟರ್ ದೂರ, ಟವರ್ ಆಂಟೆನಾದ ಎತ್ತರ 30ರಿಂದ 200 ಮೀಟರ್. ಈ ಮಿತಿಯೊಳಗೆ ಒಳ್ಳೆಯ ಸೂತ್ರವೇ. ಆದರೆ ಟೋಕಿಯೊದಲ್ಲಿ ಅಡಿಕೆ ತೋಟ ಇರಲಿಲ್ಲ, ಆಗುಂಬೆಯ ಮಳೆಯೂ ಇರಲಿಲ್ಲ. ಎಲೆ ನೀರು ಹಿಡಿದಾಗ ರೇಡಿಯೊ ಅಲೆಯನ್ನು ಹೆಚ್ಚು ನುಂಗುತ್ತದೆ. ಎಷ್ಟು ಹೆಚ್ಚು ಅನ್ನೋದು ಮರ, ತರಂಗಾಂತರ, ತೋಟದ ಆಳ ಎಲ್ಲದರ ಮೇಲೆ ನಿಂತಿರುತ್ತದೆ. ಅಲ್ಲಿಗೇ ಹೋಗಿ ಅಳೆಯದೆ ಗೊತ್ತಾಗೋದಿಲ್ಲ.

ಹುಡುಗಿ ಅಳೆದಳು. ಮೊಬೈಲಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಒಂದು ಆ್ಯಪು, ಒಂದು ಜಿಪಿಎಸ್ಸು, ಗೆರೆ ಹಾಕಿದ ಒಂದು ನೋಟ್‌ಬುಕ್ಕು. ಬೇಸಿಗೆಯಲ್ಲಿ ಒಂದು ಸುತ್ತು, ಆಷಾಢದಲ್ಲಿ ಅದೇ ಮರಗಳ ಬುಡದಲ್ಲಿ ಇನ್ನೊಂದು ಸುತ್ತು, ಕೊನೆಕೊಯ್ಲಿನ ಹೊತ್ತಿಗೆ ಮತ್ತೊಂದು. ಒಂದು ದಿನ ಜೋರು ಮಳೆ ಬಂದು ನಿಂತ ಮೇಲೆ ಹತ್ತತ್ತು ನಿಮಿಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಓದಿಕೊಂಡಿದ್ದಾಳೆ, ಎಲೆ ಒಣಗುತ್ತಾ ಬಂದಂತೆ ಸಿಗ್ನಲ್ ಹೇಗೆ ಮೇಲೇಳುತ್ತದೆ ಅಂತ ನೋಡೋಕೆ. ಆ ಪುಟದ ಅಂಚಿನಲ್ಲಿ "ಇಂಬಳ ಕಚ್ಚಿತು, ಎರಡು ರೀಡಿಂಗ್ ತಪ್ಪಿತು" ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. ಹದಿನೆಂಟು ವರ್ಷದ ಮೇಷ್ಟ್ರಗಿರಿಯಲ್ಲಿ ಇಷ್ಟು ಪ್ರಾಮಾಣಿಕವಾದ ಎರರ್ ಅನಾಲಿಸಿಸ್ಸನ್ನು ನಾನು ನೋಡಿಲ್ಲ.

ಆಮೇಲೆ ನಿಯಮಾವಳಿ ಬಂತು.

ಒಳ್ಳೆಯ ಜರ್ನಲ್ಲಿಗೆ ಕಳಿಸಿದರೆ ವಿಮರ್ಶಕರ ಉತ್ತರ ಬರೋದಕ್ಕೇ ಆರು ತಿಂಗಳು ಹಿಡಿಯಬಹುದು. ನಮ್ಮ ಗಡುವು ಆರು ವಾರ. ಆರು ವಾರದಲ್ಲಿ ಪೇಪರ್ ಅಚ್ಚು ಹಾಕಿಕೊಡುವ ಜರ್ನಲ್ಲುಗಳೂ ಇವೆ, ಅವು ಎಂಥವು ಅಂತ ಮೇಷ್ಟ್ರುಗಳಿಗೆಲ್ಲ ಗೊತ್ತು. ದುಡ್ಡು ಕಟ್ಟಿದರೆ ಎರಡು ದಿನದಲ್ಲಿ "ಅಕ್ಸೆಪ್ಟೆಡ್" ಅಂತ ಮೇಲ್ ಬರುತ್ತದೆ. 2005ರಲ್ಲಿ ಎಂಐಟಿಯ ಮೂವರು ಹುಡುಗರು ಕಂಪ್ಯೂಟರಿನಿಂದ ತಲೆಬುಡವಿಲ್ಲದ ಪೇಪರ್ ಬರೆಸಿ ಒಂದು ಕಾನ್ಫರೆನ್ಸಿಗೆ ಒಪ್ಪಿಸಿಬಿಟ್ಟಿದ್ದರು. ಅದೇ ಪ್ರೋಗ್ರಾಮು ಹೆಣೆದ ನೂರಿಪ್ಪತ್ತಕ್ಕೂ ಹೆಚ್ಚು ಪೇಪರುಗಳು ಸ್ಪ್ರಿಂಗರ್ ಮತ್ತು ಐಇಇಇ ಸಂಗ್ರಹದಲ್ಲೂ ಸೇರಿಕೊಂಡಿದ್ದು ಗೊತ್ತಾಗಿ, 2014ರಲ್ಲಿ ಅವನ್ನು ತೆಗೆಯಬೇಕಾಯ್ತು. ದೊಡ್ಡವರ ಮನೆಯ ಕಥೆಯೇ ಹೀಗಿರುವಾಗ ಎರಡು ದಿನದ ಜರ್ನಲ್ಲಿನ ಸರ್ಟಿಫಿಕೇಟಿಗೆ ಏನು ಬೆಲೆ, ನೀವೇ ಹೇಳಿ.

ಅಷ್ಟಕ್ಕೇ ಮುಗೀಲಿಲ್ಲ. ಪೇಪರನ್ನು ಸಾಫ್ಟ್‌ವೇರಿಗೆ ಹಾಕಿದರೆ ಹೋಲಿಕೆ ಮೂವತ್ತೊಂದು ಪರ್ಸೆಂಟ್ ಅಂತ ಬಂತು. ಎಲ್ಲಿ ಕದ್ದಿದ್ದಾಳೆ ಅಂತ ಬಿಡಿಸಿ ನೋಡಿದರೆ ಕೆಂಪು ಬಣ್ಣ ಬಿದ್ದಿದ್ದು ಹಾಟಾ ಸೂತ್ರದ ಮೇಲೆ, ಸಿಗ್ನಲ್-ಟು-ನಾಯ್ಸ್ ರೇಷಿಯೋದ ವ್ಯಾಖ್ಯೆಯ ಮೇಲೆ, ಹಿಂದೆ ಕೊಟ್ಟ ಆಕರಗಳ ಪಟ್ಟಿಯ ಮೇಲೆ! ಸೂತ್ರವನ್ನು ಸ್ವಂತವಾಗಿ ಬರೆಯೋದು ಹೇಗೆ ಸ್ವಾಮಿ? ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ತಂದ ನಿಯಮ ತೆಗೆದು ಓದಿ. ಆಕರಗಳ ಪಟ್ಟಿ, ಸಾಮಾನ್ಯ ಪಾರಿಭಾಷಿಕ ಪದ, ನಿಯಮ, ಪ್ರಮಾಣಿತ ಸಮೀಕರಣ ಇವನ್ನೆಲ್ಲ ಲೆಕ್ಕದಿಂದ ಹೊರಗಿಡಿ ಅಂತ ಅದರಲ್ಲೇ ಇದೆ. ಒಂದೇ ಸಾಲಿನಲ್ಲಿ ಹದಿನಾಲ್ಕು ಪದದವರೆಗೆ ಆಕಸ್ಮಿಕವಾಗಿ ಹೊಂದಿಕೆಯಾದರೆ ಅದನ್ನೂ ಬಿಡಿ ಅಂತಿದೆ. ನಾನು ಆ ಪುಟವನ್ನ ಪ್ರಿಂಟ್ ಹಾಕಿಸಿಕೊಂಡು ಹೋಗಿ ತೋರಿಸಿದೆ. "ಸರ್, ನಮಗೆ ಮೊದಲ ಪುಟದಲ್ಲಿರೋ ನಂಬರ್ ಸಾಕು" ಅಂದರು.

ಹುಡುಗಿ ಏನು ಮಾಡ್ತಾಳೆ ಪಾಪ. ಹಿಂದಿನ ರಸ್ತೆಗೆ ಹೋದಳು. ಅಲ್ಲಿ ಪೇಪರನ್ನು ಇನ್ನೊಂದು ಸಾಫ್ಟ್‌ವೇರಿಗೆ ಹಾಕಿ, ಪ್ರತಿ ಪದಕ್ಕೂ ಸಮಾನಾರ್ಥ ಪದ ತುಂಬಿ, ಎರಡೇ ಗಂಟೆಯಲ್ಲಿ ಏಳು ಪರ್ಸೆಂಟಿಗೆ ಇಳಿಸಿಕೊಟ್ಟರು. ನಾನು ಅದನ್ನು ಓದುತ್ತಾ ಬಂದೆ. ಮೂರನೇ ಪುಟದಲ್ಲಿ "ಫ್ಲ್ಯಾಗ್ ಟು ಕ್ಲ್ಯಾಮರ್" ಅಂತ ಏನೋ ಬಂತು. ಬಾವುಟಕ್ಕೂ ಗದ್ದಲಕ್ಕೂ ಏನು ಅನುಪಾತ ಅಂತ ತಲೆ ಕೆರೆದುಕೊಂಡ ಮೇಲೆ ಹೊಳೀತು, ಅದು ಸಿಗ್ನಲ್ ಟು ನಾಯ್ಸ್. ಇದು ನಮ್ಮ ಬೀದಿಯೊಂದರ ಕಥೆಯಲ್ಲ. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ಚಿತ್ರಹಿಂಸೆಗೊಳಗಾದ ನುಡಿಗಟ್ಟುಗಳನ್ನು ಜರ್ನಲ್ಲುಗಳಿಂದ ಹೆಕ್ಕಿ ಪಟ್ಟಿ ಮಾಡಿದ್ದಾರೆ. ಕೃತಕ ಬುದ್ಧಿಮತ್ತೆ "ನಕಲಿ ಪ್ರಜ್ಞೆ" ಆಗಿದೆ. ನಮ್ಮ ಸಿಗ್ನಲ್ಲು ಬಾವುಟ ಆಗಿದ್ದೂ ಆ ಪಟ್ಟಿಯಲ್ಲಿದೆ. ಅಲ್ಲಿ ಹೆಚ್ಚಿನವರು ಕದ್ದ ಮಾಲನ್ನು ಮುಚ್ಚಲು ಹೀಗೆ ಮಾಡುತ್ತಾರೆ. ಇವಳು ತನ್ನ ಸ್ವಂತ ದುಡಿಮೆಯನ್ನೇ ಮುಚ್ಚಬೇಕಾಯ್ತು.

ಆ ಪೇಪರಿಗೆ ನಾನು ಸಹಿ ಹಾಕಿದೆ. ಮಾರ್ಗದರ್ಶಕನ ಜಾಗದಲ್ಲಿ ನನ್ನ ಹೆಸರೂ ಇದೆ. ಹಾಕದಿದ್ದರೆ ಅವಳಿಗೆ ಆರು ತಿಂಗಳು ಹೋಗುತ್ತಿತ್ತು, ಕ್ಯಾಂಪಸ್ಸಿನಲ್ಲಿ ಸಿಕ್ಕ ಕೆಲಸವೂ ಹೋಗುತ್ತಿತ್ತು. ಹೀಗಾಗಿ ಇದನ್ನು ನಾನು ಗಟ್ಟೆಯ ಮೇಲೆ ಕೂತು ಬರೀತಿದ್ದೀನಿ ಅಂತ ಯಾರೂ ತಿಳೀಬೇಡಿ. ಕೆಸರಲ್ಲೇ ನಿಂತಿದ್ದೀನಿ.

ಪೇಪರ್ ಕಡ್ಡಾಯ ಮಾಡಿದವರ ವಾದವೂ ನನಗೆ ಗೊತ್ತು. ಒಬ್ಬ ಸಹೋದ್ಯೋಗಿ ಹೇಳಿದರು, "ಹೊರಗಿನವರು ಒಮ್ಮೆ ನೋಡ್ಲಿ ಅಂತ ಇದನ್ನ ಇಟ್ಟಿದ್ದು ಕಣ್ರೀ. ಇಲ್ಲಾಂದ್ರೆ ಒಳಗೊಳಗೇ ಎಲ್ಲಾ ಪಾಸ್ ಆಗ್ಬಿಡ್ತಾರೆ." ಉದ್ದೇಶ ಸರಿಯೇ. ಆದರೆ ಹೊರಗಿನವರು ಯಾರೂ ನೋಡ್ತಾ ಇಲ್ಲವಲ್ಲ! ದುಡ್ಡು ಎಣಿಸಿಕೊಂಡವನೊಬ್ಬನೇ ನೋಡಿದ್ದು. ಪಿಎಚ್.ಡಿ.ಗೇ ಪೇಪರ್ ಕಡ್ಡಾಯ ಅನ್ನೋದನ್ನ ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿತು. ಎರಡು ವರ್ಷದ ಎಂ.ಟೆಕ್ ಹುಡುಗರ ಕುತ್ತಿಗೆಗೆ ನಾವು ಇನ್ನೂ ಕಟ್ಟಿಕೊಂಡೇ ಇದ್ದೇವೆ.

ನಮ್ಮ ವಿಷಯದ ಮೂಲಪುರುಷನನ್ನೇ ನೋಡಿ. ಕ್ಲಾಡ್ ಶ್ಯಾನನ್ 1937ರಲ್ಲಿ ಎಂಐಟಿಗೆ ಮಾಸ್ಟರ್ಸ್ ಥೀಸಿಸ್ ಒಪ್ಪಿಸಿದಾಗ ಅವನಿಗೆ 21 ವರ್ಷ. ಅಲ್ಲಿದ್ದ ಡಿಫರೆನ್ಷಿಯಲ್ ಅನಲೈಸರ್ ಯಂತ್ರದ ರಿಲೇಗಳನ್ನು ನೋಡಿಕೊಳ್ಳೋದು ಅವನ ಕೆಲಸವಾಗಿತ್ತು. ಅದೇ ರಿಲೇಗಳಿಗೆ, ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್ಚುಗಳಿಗೆ ಬೂಲ್‌ನ ಬೀಜಗಣಿತ ಹೊಂದುತ್ತದೆ ಅಂತ ಕಂಡುಕೊಂಡು ಬರೆದ. ಅದು ಜರ್ನಲ್ಲಿನಲ್ಲಿ ಬಂದದ್ದು ಮರುವರ್ಷ, 1938ರಲ್ಲಿ. ಮೊದಲು ಕೆಲಸ, ಆಮೇಲೆ ಥೀಸಿಸ್, ಅದಾದ ಮೇಲೆ ಅಚ್ಚು. ನಮ್ಮ ಹುಡುಗಿ ಶ್ಯಾನನ್ ಅಂತ ನಾನು ಹೇಳ್ತಿಲ್ಲ. ಅವನೇ ನಮ್ಮಲ್ಲಿಗೆ ಬಂದಿದ್ದರೆ ಸರ್ಟಿಫಿಕೇಟ್ ಇಲ್ಲ ಅಂತ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆವು ಅಂತಷ್ಟೇ ಹೇಳ್ತಿರೋದು.

ವೈವಾ ಹದಿನೈದು ನಿಮಿಷ ನಡೀತು. ಬೇರೆ ಊರಿನಿಂದ ಬಂದ ಪರೀಕ್ಷಕರಿಗೆ ಮಧ್ಯಾಹ್ನದ ರೈಲು ಹಿಡಿಯುವ ಅವಸರ, ಅದಕ್ಕೂ ಮೊದಲು ಇನ್ನೂ ಎಂಟು ಜನರನ್ನು ನೋಡಬೇಕಿತ್ತು. ಅವರು ಪುಟ ತಿರುವಿ, ಸರ್ಟಿಫಿಕೇಟ್ ನೋಡಿ, ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಅಂತ ಕೇಳಿದರು. ನೋಟ್‌ಬುಕ್ಕನ್ನು ಅವಳು ಮೇಜಿನ ಮೇಲೇ ಇಟ್ಟಿದ್ದಳು. ಅದನ್ನವರು ಮುಟ್ಟಲಿಲ್ಲ.

ಬರುವ ತಿಂಗಳು ನಮ್ಮ ಬೋರ್ಡ್ ಆಫ್ ಸ್ಟಡೀಸ್ ಸಭೆ ಇದೆ. ಪೇಪರ್ ಕಡ್ಡಾಯವನ್ನು ತೆಗೀರಿ, ಬರೆಯೋರು ಆಮೇಲೆ ನಿಧಾನವಾಗಿ ಒಳ್ಳೇ ಕಡೆ ಬರೀಲಿ ಅಂತ ಲಿಖಿತವಾಗಿ ಕೊಡ್ತಿದ್ದೀನಿ. ಅದರ ಬದಲು ಅಳತೆಯ ಮೂಲ ದಾಖಲೆಯನ್ನೋ, ಸಿಮ್ಯುಲೇಷನ್ ಆದರೆ ಅದರ ಕೋಡನ್ನೋ ಥೀಸಿಸ್ ಜೊತೆ ಒಪ್ಪಿಸಬೇಕು, ಹೊರಗಿನ ಪರೀಕ್ಷಕರಿಗೆ ಅದು ಹದಿನೈದು ದಿನ ಮುಂಚೆ ತಲುಪಬೇಕು. ವೈವಾದಲ್ಲಿ ಒಬ್ಬೊಬ್ಬರಿಗೆ ಕಡಿಮೆಯೆಂದರೂ ಒಂದು ಗಂಟೆ. ದಿನಕ್ಕೆ ನಾಲ್ಕು ಜನ ಸಾಕು, ಪರೀಕ್ಷಕರ ಭತ್ಯೆ ಹೆಚ್ಚಾದರೆ ಬೈಂಡಿಂಗ್ ಖರ್ಚಿನಲ್ಲಿ ಉಳಿಸೋಣ. ಹೋಲಿಕೆಯ ವರದಿ ಬಂದರೆ ಮಾರ್ಗದರ್ಶಕ ಪೂರ್ತಿ ಓದಿ, ಕೆಂಪು ಬಿದ್ದ ಸಾಲುಗಳಲ್ಲಿ ಯಾವುದು ಕಳವು, ಯಾವುದು ಸೂತ್ರ ಅಂತ ಕೈಬರಹದಲ್ಲಿ ಬರೆದು ಸಹಿ ಮಾಡಬೇಕು. ಈ ಕೊನೆಯದಕ್ಕೆ ಮೇಷ್ಟ್ರುಗಳೇ ಹೆಚ್ಚು ಗಲಾಟೆ ಮಾಡ್ತಾರೆ, ನನಗೆ ಗೊತ್ತು. ಮೂವತ್ತೊಂದನ್ನು ಏಳು ಮಾಡಿಕೊಂಡು ಬಾ ಅನ್ನೋದು ಬಹಳ ಸುಲಭ. ನಾನೂ ಅದನ್ನೇ ಅಂದಿದ್ದೆ.