ಹೆಸರು ಬಂದ ಮೇಲೆ ಏನು?

'ಮಾಲ್ಗುಡಿ ಡೇಸ್' ಧಾರಾವಾಹಿಯ ತುಣುಕು ಮೊಬೈಲಿನಲ್ಲಿ ಬಂದರೆ ನಮ್ಮ ವಯಸ್ಸಿನವರ ಬೆರಳು ಈಗಲೂ ನಿಲ್ಲುತ್ತದೆ. ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. 1986-87ರಲ್ಲಿ ಅದು ದೂರದರ್ಶನದಲ್ಲಿ ಬಂದಾಗ, ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥ್ ದೇಶಕ್ಕೇ ಮನೆಮಗನಾದ. ಆ ಹುಡುಗ ಮುಂದೆ ಏನಾದ ಅಂತ ಕೇಳುವವರು ಕಡಿಮೆ. ಸಿನಿಮಾಗಳಲ್ಲೂ ನಟಿಸಿ, ಎಳೆ ವಯಸ್ಸಿನಲ್ಲೇ ನಟನೆ ಬಿಟ್ಟು, ಓದು ಮುಗಿಸಿ, ಬೆಂಗಳೂರು-ಮೈಸೂರು ಕಾರಿಡಾರ್ ರಸ್ತೆಯ ಕಂಪನಿಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಮಾಡಿದರು. ಜನರಿಗೆ ಮಾತ್ರ ಅವರು ಈಗಲೂ ಸ್ವಾಮಿಯೇ.

ಈ ಮಾತು ಈಗ ಎತ್ತಲು ಕಾರಣ ಕೆಮ್ಮಣ್ಣುಗುಂಡಿ. ಮದ್ರಸದ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಝಡ್ ಪಾಯಿಂಟ್ ಹತ್ತಿರ ಒಬ್ಬ ಹುಡುಗ ಬಂಡೆಯ ಅಂಚಿನಲ್ಲಿ ನಿಂತು ಒಂದೇ ಜಿಗಿತವನ್ನು ಏಳೆಂಟು ಸಲ ಜಿಗಿದ. ಗೆಳೆಯ ರೀಲ್ಸ್ ತೆಗೆಯುತ್ತಿದ್ದ. ಕೆಳಗೆ ಪ್ರಪಾತ, ಮೇಲೆ ಮಂಜು. ನಾವು ಗದರಿದಾಗ ನಮ್ಮ ಮಕ್ಕಳಲ್ಲೇ ಒಬ್ಬ, "ಉಸ್ತಾದ್, ಅವನಿಗೆ ಲಕ್ಷ ಫಾಲೋವರ್ಸ್ ಇದ್ದಾರೆ, ಪಿಯುಸಿ ಬಿಟ್ಟಿದ್ದಾನೆ" ಅಂದ. ಅವನ ದನಿಯಲ್ಲಿ ಅಸೂಯೆ ಇತ್ತು. ಜಿಗಿತಕ್ಕಿಂತ ಹೆಚ್ಚು ನಮ್ಮನ್ನು ಹೆದರಿಸಿದ್ದು ಅದೇ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಮಗಳ ವೀಡಿಯೊಗೆ ಎಷ್ಟು ವ್ಯೂ ಬಂತು ಅಂತ ಮದುವೆ ಮನೆಯಲ್ಲಿ ಹೇಳಿಕೊಳ್ಳುವವರು ನಾವೇ ಅಲ್ವಾ? ನಟನೆ, ಹಾಡು, ಬರಹ ಇವೆಲ್ಲ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ನಮ್ಮ ಭಾಷೆಯ 'ಬ್ಯಾರಿ' ಸಿನಿಮಾ 2011ರ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ಮರಾಠಿ ಚಿತ್ರವೊಂದರ ಜೊತೆ ಸ್ವರ್ಣಕಮಲ ಹಂಚಿಕೊಂಡಾಗ ನಮಗೂ ಖುಷಿಯಾಗಿತ್ತು. ಆದರೆ ಕೆಲಸ ಬೇರೆ, ಹೆಸರು ಬೇರೆ. ಮಾಲ್ಗುಡಿಯ ಹಿಂದೆ ನಾರಾಯಣ್ ಬರೆದ ಕಥೆ, ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರ, ಎಲ್. ವೈದ್ಯನಾಥನ್ ಸಂಗೀತ, ಶಂಕರ್ ನಾಗ್ ದುಡಿಮೆ ಎಲ್ಲ ಇತ್ತು. ಜನ ನೆನಪಿಟ್ಟುಕೊಂಡದ್ದು ಮುಖ್ಯವಾಗಿ ಒಂದು ಮುಖವನ್ನು. ರೀಲ್ಸ್‌ನಲ್ಲಿ ಆ ಮುಖವೊಂದೇ ಇದೆ, ಹಿಂದೆ ಏನೂ ಇಲ್ಲ.

ಇನ್ನೊಂದು ದಾರಿಯೂ ಇದೆ. ದೂರದರ್ಶನದ 'ಸಿಹಿ ಕಹಿ' ಎಂಬ ನಗೆ ಧಾರಾವಾಹಿ ಚಂದ್ರು ಅವರಿಗೆ ಹೆಸರಿನ ಮುಂದಿನ ಹೆಸರನ್ನೇ ಕೊಟ್ಟಿತು. ಅವರು ಅಲ್ಲಿಗೆ ನಿಲ್ಲಲಿಲ್ಲ. 'ಪಾಪ ಪಾಂಡು' ನಿರ್ದೇಶಿಸಿದರು. ಈಗ ಟಿವಿಯಲ್ಲಿ ಅಡುಗೆ ಮಾಡುತ್ತಾರೆ. ನಮ್ಮ ಮನೆಗಳ ಉಮ್ಮಂದಿರಿಗೂ ಗೊತ್ತು. ಒಬ್ಬರು ಬಿಟ್ಟು ಹೋದರು, ಒಬ್ಬರು ಉಳಿದರು. ಇಬ್ಬರ ಕೈಯಲ್ಲೂ ಮಾಡಲು ಬೇರೆ ಕೆಲಸ ಇತ್ತು.

ಇಮಾಮ್ ಗಝಾಲಿ ಬಗ್ದಾದಿನ ನಿಝಾಮಿಯಾದಲ್ಲಿ ಹೆಸರಿನ ತುದಿಯಲ್ಲಿದ್ದಾಗಲೇ, 1095ರಲ್ಲಿ, ಹುದ್ದೆ ಬಿಟ್ಟು ಎದ್ದು ಹೋದವರು. ಅವರ ಹಾಗೆ ಬಿಡಿ ಅಂತ ಹದಿನಾರರ ಹುಡುಗನಿಗೆ ಹೇಳುವಷ್ಟು ದಡ್ಡರು ನಾವಲ್ಲ. ಪಿಯುಸಿ ಮುಗಿಸು ಅಂತ ಹೇಳಬಹುದು. ಕ್ಯಾಮರಾ ಇಷ್ಟವಾದರೆ ಎಡಿಟಿಂಗ್ ಕಲಿ, ಬರೆಯಲು ಕಲಿ, ಅಜ್ಜಿಯ ಬಾಯಲ್ಲಿರುವ ಬ್ಯಾರಿ ಗಾದೆಗಳನ್ನು ರೆಕಾರ್ಡ್ ಮಾಡು ಅನ್ನಬಹುದು. ಅದಕ್ಕೆ ಹತ್ತೇ ವ್ಯೂ ಬರಲಿ.

ಕೆಮ್ಮಣ್ಣುಗುಂಡಿಯನ್ನೇ ನೋಡಿ. ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಕೊಟ್ಟ ಗುಡ್ಡ ಅದು. ಅಗೆತ ಯಾವಾಗಲೋ ನಿಂತಿತು. ಈಗ ಜನ ಹೋಗುವುದು ತೋಟಗಾರಿಕೆ ಇಲಾಖೆಯ ಹೂತೋಟ ನೋಡಲು.

ಮುಂದಿನ ಸಲ ಮಕ್ಕಳನ್ನು ತರೀಕೆರೆಯಿಂದ ತಾಳಗುಪ್ಪದ ರೈಲು ಹತ್ತಿಸಬೇಕು ಅಂದುಕೊಂಡಿದ್ದೇವೆ. ಅದೇ ಹಳಿಯ ಮೇಲೆ ಅರಸಾಳು ಸಿಗುತ್ತದೆ. ಮಾಲ್ಗುಡಿಯ ಸ್ಟೇಷನ್ ಆಗಿದ್ದು ಅದೇ. ಹಳೆಯ ಕಟ್ಟಡ ಈಗ ಮ್ಯೂಸಿಯಂ. ಆ ಹೆಸರುಗಳೆಲ್ಲ ಯಾರದ್ದು ಅಂತ ಮಕ್ಕಳು ಕೇಳಿದರೆ, ಉತ್ತರ ಹೇಳಲು ದಾರಿಯುದ್ದಕ್ಕೂ ಸಮಯ ಇರುತ್ತದೆ.