ತೊದಲ್ನುಡಿಯ ತರ್ಕ

ಎಳೆಯ ಮಗುವಿರುವ ಮನೆಯಲ್ಲಿ ನಗುವಿಗೆ ಬರವಿಲ್ಲ. ಮಗು ಎರಡು ಅಂಗೈಗಳಿಂದ ತನ್ನ ಕಣ್ಣನ್ನು ಮುಚ್ಚಿಕೊಂಡು ನಡುಮನೆಯ ನಟ್ಟನಡುವೆ ನಿಂತು, ಇನ್ನು ತನ್ನನ್ನು ಯಾರೂ ಕಾಣಲಾರರೆಂದು ನಂಬುತ್ತದೆ. ಒಂದು ರೊಟ್ಟಿ ಸಾಲದೆಂದು ಅಳುವಾಗ ತಾಯಿ ಅದೇ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಕೊಟ್ಟರೆ, ನಾಲ್ಕು ದೊರೆತವೆಂದು ಹಿಗ್ಗುತ್ತದೆ. ಬೆಳದಿಂಗಳಿನಲ್ಲಿ ತಂದೆಯ ಹೆಗಲೇರಿ ಬಂದ ದಿನ, ಚಂದಿರನು ತಮ್ಮ ಬೆನ್ನು ಹತ್ತಿ ಬಾಗಿಲವರೆಗೂ ಬಂದಿದ್ದಾನೆ, ಅವನಿಗೂ ಎಲೆ ಹಾಕಬೇಕು ಎಂದು ಹಟ ಹಿಡಿಯುತ್ತದೆ. “ನಾನು ದೊಡ್ಡವಳಾಗಿ ನೀನು ಪುಟ್ಟವನಾದ ಮೇಲೆ ನಿನ್ನನ್ನು ಎತ್ತಿಕೊಳ್ಳುತ್ತೇನೆ” ಎಂದು ತಂದೆಗೆ ಮಾತು ಕೊಡುವ ಮಗಳೂ ಉಂಟು. ಆ ದಿನಕ್ಕೆ ಬೇಕಾದೀತೆಂದು ತನಗೆ ಗಿಡ್ಡವಾದ ಅಂಗಿಯನ್ನು ಪೆಟ್ಟಿಗೆಯಲ್ಲಿ ತೆಗೆದಿಡಿಸುವಷ್ಟು ಮುಂದಾಲೋಚನೆಯೂ ಅವಳಿಗಿರುತ್ತದೆ.

ಇವನ್ನೆಲ್ಲ ಕಂಡು ಹಿರಿಯರು ನಗುವುದು ಸಹಜ. ನಗಬಾರದೆಂದು ಹೇಳುವವರು ಮಗುವನ್ನು ಸಾಕಿದವರಾಗಿರಲಾರರು. ಆದರೆ ಮಗು ಆಡಿದ್ದು ಅರ್ಥವಿಲ್ಲದ ಮಾತೆಂದು ತಿಳಿದು ನಗುವುದಾದರೆ, ತಿಳಿವಳಿಕೆಯ ಕೊರತೆ ಇರುವುದು ಮಗುವಿನಲ್ಲಲ್ಲ.

ಮಗು ಕನ್ನಡವನ್ನು ಕಲಿಯುವ ಬಗೆಯನ್ನೇ ನೋಡಬಹುದು. ‘ಓಡು’ ಎಂಬುದು ‘ಓಡಿದೆ’ ಎಂದಾಗುತ್ತದೆ, ‘ಹಾಡು’ ಎಂಬುದು ‘ಹಾಡಿದೆ’ ಎಂದಾಗುತ್ತದೆ. ಇದನ್ನು ಗಮನಿಸಿದ ಮಗು ‘ಕೊಟ್ಟೆ’ ಎನ್ನುವಲ್ಲಿ ‘ಕೊಡಿದೆ’ ಎನ್ನುತ್ತದೆ. ‘ನಕ್ಕೆ’ ಎನ್ನುವಲ್ಲಿ ‘ನಗಿದೆ’ ಎನ್ನುತ್ತದೆ. ಈ ರೂಪಗಳನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ; ದೊಡ್ಡವರ ಬಾಯಿಂದ ಅದು ಕೇಳಿಯೂ ಇಲ್ಲ. ಕೇಳದ ಮಾತನ್ನು ಆಡಬೇಕಾದರೆ ಮನಸ್ಸಿನೊಳಗೆ ಒಂದು ಸೂತ್ರ ಸಿದ್ಧವಾಗಿರಲೇಬೇಕು. 13ನೆಯ ಶತಮಾನದಲ್ಲಿ ಕೇಶಿರಾಜನು ಕನ್ನಡದ ಸೂತ್ರಗಳನ್ನು ‘ಶಬ್ದಮಣಿದರ್ಪಣ’ದ ಕಂದಪದ್ಯಗಳಲ್ಲಿ ಕಟ್ಟಿಕೊಟ್ಟನು. ಮೂರು ವರ್ಷದ ಮಗು ಯಾವ ಗ್ರಂಥದ ಹಂಗೂ ಇಲ್ಲದೆ, ಹಾಲಿನ ಬಟ್ಟಲು ಹಿಡಿದುಕೊಂಡೇ, ಅವುಗಳಲ್ಲಿ ಒಂದೆರಡನ್ನು ತಾನಾಗಿ ಕಂಡುಕೊಂಡಿರುತ್ತದೆ. ಸೂತ್ರಕ್ಕೆ ಅಪವಾದಗಳೂ ಉಂಟೆಂಬ ಸುದ್ದಿ ಮಾತ್ರ ಅದಕ್ಕೆ ಇನ್ನೂ ಮುಟ್ಟಿಲ್ಲ. ಭಾಷೆಯೇ ಡೊಂಕಾಗಿ ನಡೆದ ಕಡೆ ಮಗು ನೇರವಾಗಿ ನಡೆದರೆ ಅದನ್ನು ದಡ್ಡತನವೆಂದು ಕರೆಯುವುದು ನ್ಯಾಯವಲ್ಲ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ತಮ್ಮ ಮೂವರು ಮಕ್ಕಳ ಆಟಪಾಟಗಳನ್ನು ಹತ್ತಿರದಿಂದ ನೋಡಿ ಬರೆದಿಟ್ಟವರು. ಅಗಲವಾದ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ, ನಾಲ್ಕೈದು ವರ್ಷದ ಮಕ್ಕಳು ಸಾಮಾನ್ಯವಾಗಿ ನೀರು ಹೆಚ್ಚಾಯಿತೆಂದೇ ಹೇಳುತ್ತಾರೆಂದು ಅವರು ತೋರಿಸಿದರು. ರೊಟ್ಟಿಯ ತುಂಡುಗಳನ್ನೆಣಿಸಿ ಹಿಗ್ಗುವ ಮಗುವಿನ ಲೆಕ್ಕವೂ ಇದೇ ಜಾತಿಯದು. ಮಗುವಿನ ತಪ್ಪಿಗೂ ಒಂದು ಕ್ರಮವಿದೆ ಎಂಬುದನ್ನು ಅವರು ಲೋಕದ ಗಮನಕ್ಕೆ ತಂದರು.

ಆದರೆ ಅವರ ನಂತರ ಬಂದ ಸಂಶೋಧಕರು ಇನ್ನೊಂದು ಸ್ವಾರಸ್ಯವನ್ನು ಕಂಡರು. ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ 1978ರಲ್ಲಿ ಪ್ರಕಟಿಸಿದ, ಮಕ್ಕಳ ಮನಸ್ಸನ್ನು ಕುರಿತ ಗ್ರಂಥದಲ್ಲಿ ಅದರ ವಿವರಗಳಿವೆ. ಮಕ್ಕಳ ಮುಂದೆ ಬಿಲ್ಲೆಗಳನ್ನು ಎರಡು ಸಮನಾದ ಸಾಲುಗಳಲ್ಲಿ ಜೋಡಿಸಿ, ದೊಡ್ಡವರು ಒಂದು ಸಾಲನ್ನು ಅಗಲಿಸಿ, “ಈಗಲೂ ಸಮವಾಗಿವೆಯೆ?” ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಇಲ್ಲವೆಂದರು. ಅದೇ ಸಾಲನ್ನು ಒಂದು ತುಂಟ ಗೊಂಬೆ ಕರಡಿ ಬಂದು ಕೆಡಿಸಿದಂತೆ ಮಾಡಿದಾಗ, ಸರಿಯಾದ ಉತ್ತರ ಕೊಟ್ಟವರ ಸಂಖ್ಯೆ ಬಹಳ ಹೆಚ್ಚಿತು. ಕರಡಿ ಮಾಡಿದ್ದು ಚೇಷ್ಟೆ. ದೊಡ್ಡವರು ಮಾಡಿದ್ದಕ್ಕೆ ಏನೋ ಅರ್ಥವಿರಲೇಬೇಕು! ಇಲ್ಲವಾದರೆ ಕೇಳಿದ್ದನ್ನೇ ಅವರು ಮತ್ತೆ ಏಕೆ ಕೇಳುತ್ತಾರೆ? ಮಗು ಬಿಲ್ಲೆಗಳನ್ನು ನೋಡುವುದರ ಜೊತೆಗೆ ಕೇಳುವವರ ಮುಖವನ್ನೂ ನೋಡುತ್ತಿರುತ್ತದೆ.

ಮುಖವನ್ನು ಇಷ್ಟು ನಿಪುಣತೆಯಿಂದ ಓದಬಲ್ಲ ಜೀವಕ್ಕೆ ನಗೆಯಲ್ಲಿರುವ ಭೇದ ತಿಳಿಯದೆ ಇರುವುದೆ? ಮಗುವಿನ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಉಕ್ಕುವ ನಗೆ ಬೇರೆ. ಆ ಮಾತನ್ನು ನೆಂಟರಿಷ್ಟರ ಮುಂದೆ ಮತ್ತೆ ಮತ್ತೆ ಆಡಿಸಿ ಪಡೆಯುವ ನಗೆ ಬೇರೆ. ಎರಡನೆಯದೂ ಮುದ್ದಿನಿಂದಲೇ ಬಂದದ್ದೆಂದು ಮನೆಯವರು ಹೇಳಬಹುದು. ಅದು ಸುಳ್ಳೇನೂ ಅಲ್ಲ. ಕೋತಿಯನ್ನು ಆಡಿಸುವವನಿಗೂ ತನ್ನ ಕೋತಿಯ ಮೇಲೆ ಮುದ್ದಿರಬಹುದು. ತಮ್ಮ ತಂಗಿಯರ ತೊದಲನ್ನು ಅಣಕಿಸಿ ಸಂತೋಷಪಡುವ ಅಣ್ಣ ಅಕ್ಕಂದಿರೂ ಈ ಮಾತಿಗೆ ಹೊರತಲ್ಲ. ಅವರ ನಾಲಗೆ ತಿರುಗಿ ಇನ್ನೂ ಹತ್ತು ವರ್ಷವಷ್ಟೇ ಆಗಿರುತ್ತದೆ.

ಒಂದು ಮನೆಯಲ್ಲಿ ನಡೆದ ಸಂಗತಿ ಇದು. ಮನೆಯ ಯಜಮಾನರು ನಿವೃತ್ತ ಕನ್ನಡ ಪಂಡಿತರು. ಅವರ ಮೊಮ್ಮಗಳಿಗೆ ಮೂರೂವರೆ ವರ್ಷ. ಒಂದು ಮಧ್ಯಾಹ್ನ ಅವಳು ಹಿತ್ತಲಿನಿಂದ ಬಂದು, “ತಾತ, ನಾನು ಅಳಿದೆ” ಎಂದಳು. ‘ಓಡಿದೆ’ಯಂತೆ ‘ಅಳಿದೆ’, ಅತ್ತೆ ಎಂದು ಅವಳ ಅಭಿಪ್ರಾಯ. ಆದರೆ ಅಳಿಯುವುದೆಂದರೆ ನಾಶವಾಗುವುದು. ಪಂಡಿತರಿಗೆ ನಗು ತಡೆಯಲಾಗಲಿಲ್ಲ. “ಅಳಿದುಹೋದವಳು ನನ್ನ ಮುಂದೆ ನಿಂತು ಮಾತನಾಡುವುದು ಹೇಗಮ್ಮ?” ಎಂದರು. ಅರ್ಥವಾಗದಿದ್ದರೂ ಮಗುವೂ ನಕ್ಕಿತು. ಸಂಜೆ ಪಕ್ಕದ ಮನೆಯವರು ಬಂದಾಗ, “ಪುಟ್ಟಿ, ಮಧ್ಯಾಹ್ನ ಏನು ಮಾಡಿದೆ, ಹೇಳು” ಎಂದರು. ಅವಳು ಹೇಳಿದಳು, ಎಲ್ಲರೂ ನಕ್ಕರು. ಮರುದಿನ ನೆಂಟರ ಮುಂದೆಯೂ ಅದೇ ಆಯಿತು. ನಾಲ್ಕನೆಯ ಸಲ ಕೇಳಿದಾಗ ಅವಳು ಕಂಬದ ಮರೆಗೆ ಸರಿದಳು. ಈ ನಡುವೆ, ಆ ಮಧ್ಯಾಹ್ನ ಅವಳು ಅತ್ತದ್ದು ಏಕೆಂದು ಯಾರೂ ಕೇಳಿರಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಳು. ಮೊಣಕಾಲು ತರಚಿತ್ತು. ಸದ್ದಿಲ್ಲದೆ ಒಳಗೆ ಬಂದವಳ ಕೆನ್ನೆಯ ಮೇಲಿನ ನೀರಿನ ಗುರುತನ್ನು ಕಂಡು ಅಜ್ಜಿ, “ಅತ್ತೆಯಾ ಕಂದ?” ಎಂದು ಕೇಳಿದರು. ಮಗು ಜಗುಲಿಯಲ್ಲಿ ಕುಳಿತಿದ್ದ ತಾತನ ಕಡೆಗೊಮ್ಮೆ ನೋಡಿ, ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು, “ಇಲ್ಲ ಅಜ್ಜಿ, ಕಣ್ಣಿನಿಂದ ನೀರು ಬಂತು” ಎಂದಳು. ಎಡವಿದ ಧಾತುವನ್ನು ಮುಟ್ಟದೆ ಬಳಸಿಕೊಂಡು ಹೋಗುವ ದಾರಿಯೊಂದನ್ನು ಅವಳೇ ಹುಡುಕಿಕೊಂಡಿದ್ದಳು.

ಪಂಡಿತರ ಕಿವಿ ಚುರುಕು. ಅವರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು ಎದ್ದು ಬಂದರು, ಗಾಯವನ್ನು ತೊಳೆಯುತ್ತ, “ಎಲ್ಲಿ ಪುಟ್ಟಿ?” ಎಂದರು.

“ಒಗೆಯುವ ಕಲ್ಲಿನ ಹತ್ತಿರ ಬೀಳಿದೆ” ಎಂದ ಮಗು ತಟ್ಟನೆ ನಿಲ್ಲಿಸಿ ತಾತನ ಮುಖವನ್ನೇ ನೋಡಿತು.

ಪಂಡಿತರು ನಗಲಿಲ್ಲ, ತಿದ್ದಲೂ ಇಲ್ಲ. “ಅಲ್ಲಿ ಬಿದ್ದೆಯಾ? ಆ ಕಲ್ಲಿನ ಹತ್ತಿರ ಪಾಚಿ ಬಹಳ. ಹೋದ ಮಳೆಗಾಲದಲ್ಲಿ ನಾನೂ ಅಲ್ಲಿಯೇ ಬಿದ್ದೆ” ಎಂದರು.

ಮಗುವಿನ ಕಣ್ಣು ಅರಳಿತು. “ನೀನೂ ಬಿದ್ದೆಯಾ? ಅತ್ತೆಯಾ ತಾತ?”

“ಇಲ್ಲ ಕಂದ” ಎಂದರು ಪಂಡಿತರು. “ಕಣ್ಣಿನಿಂದ ನೀರು ಬಂತು.”